ಬರ್ಲಿನ್‌ನಲ್ಲಿರುವ ಪುಟ್ಟಿಗೆ

ಚಿರಂಜೀವಿ ಪುಟ್ಟಿಗೆ ಮೈಸೂರಿನಿಂದ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದಲ್ಲಿ ಚಳಿಯ ವಿಷಯಕ್ಕೂ ಮನೆ ಬಾಡಿಗೆಯ ವಿಷಯಕ್ಕೂ ನಡುವೆ ಒಂದು ಸಾಲಿದೆ: ‘ದೊಡ್ಡಮ್ಮ, ನನಗೇ ಗೊತ್ತಿಲ್ಲದಂತೆ ನನ್ನೊಳಗೆ ಯಹೂದಿಗಳ ಮೇಲೆ ದ್ವೇಷ ಇರಬಹುದೇ?’ ಅದನ್ನು ಓದಿದ ಮೇಲೆ ಪತ್ರದ ಉಳಿದ ಭಾಗ ನನ್ನ ತಲೆಗೆ ಹತ್ತಲಿಲ್ಲ.

‘ಛೆ, ನಿನ್ನಲ್ಲಿ ಎಲ್ಲಿಯ ದ್ವೇಷ’ ಎಂದು ಬರೆದು ಮುಗಿಸಬಹುದಿತ್ತು. ನಿನ್ನನ್ನು ಎತ್ತಿ ಆಡಿಸಿದವಳ ಬಾಯಿಗೆ ಮೊದಲು ಬಂದದ್ದೂ ಅದೇ. ಆದರೆ ನೀನು ಸಮಾಧಾನ ಬೇಡಿ ಬರೆದಿಲ್ಲ, ತಿಳಿಯಬೇಕೆಂದು ಕೇಳಿದ್ದೀಯೆ.

ಗಾಜಾದ ಸಾವುಗಳನ್ನು ಖಂಡಿಸಿ, ಇಸ್ರೇಲಿನ ಸಂಗೀತಗಾರನೊಬ್ಬನಿಗೆ ವೇದಿಕೆ ಕೊಡಬಾರದೆಂದು ಕೇಳಿ ನೀನು ಸಹಿ ಹಾಕಿದ ಹೇಳಿಕೆಯನ್ನು ಎರಡೆರಡು ಬಾರಿ ಓದಿದೆ. ಅದರ ಮೊದಲ ಭಾಗಕ್ಕೆ ನಾನೂ ಸಹಿ ಹಾಕುತ್ತಿದ್ದೆ. ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತಿದ್ದಾರೆ, ಅವರಲ್ಲಿ ಎಷ್ಟೊಂದು ಮಕ್ಕಳು. ಅದನ್ನು ಖಂಡಿಸುವುದು ದ್ವೇಷವಾದರೆ ಆ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಒಂದು ಸರ್ಕಾರವನ್ನು ವಿರೋಧಿಸಬಹುದು, ಯಹೂದಿಗಳಿಗೆ ಅವರದೇ ಒಂದು ರಾಷ್ಟ್ರ ಬೇಕೆನ್ನುವ ಜಿಯೋನಿಸಂ ಎಂಬ ವಿಚಾರವನ್ನೇ ಒಪ್ಪದಿರಬಹುದು. ಒಪ್ಪದ ಯಹೂದಿಗಳೂ ಮೊದಲಿನಿಂದ ಇದ್ದಾರೆ. ಆದರೆ ಪುಟ್ಟಿ, ಬಹಳ ಯಹೂದಿಗಳಿಗೆ ಅದು ಕೇವಲ ಒಂದು ಪಕ್ಷದ ಘೋಷಣೆಯಲ್ಲ. ಯುರೋಪಿನ ಬಾಗಿಲುಗಳೆಲ್ಲ ಮುಚ್ಚಿದಾಗ ಹೋಗಿ ನಿಲ್ಲಲು ಒಂದು ನೆಲ ಇರಬೇಕಿತ್ತು ಎಂಬ ಅಜ್ಜ ಅಜ್ಜಿಯರ ನೆನಪು. ಅದೇ ನೆಲದಿಂದ ಹೊರದಬ್ಬಿಸಿಕೊಂಡ ಪ್ಯಾಲೆಸ್ಟೀನಿಯರ ಅಜ್ಜ ಅಜ್ಜಿಯರಿಗೂ ನೆನಪಿದೆ. ಒಂದನ್ನು ಹೇಳಲು ಇನ್ನೊಂದನ್ನು ಅಳಿಸಬೇಕಾಗಿಲ್ಲ. ನಿಮ್ಮ ಹೇಳಿಕೆಯಲ್ಲಿ 2023ರ ಅಕ್ಟೋಬರ್ 7ರ ಹೆಸರೇ ಇಲ್ಲ. ಅಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸತ್ತ ಸುಮಾರು 1,200 ಜನರ ಬಗ್ಗೆ ಒಂದು ಸಾಲು ಇದ್ದಿದ್ದರೆ ಗಾಜಾದ ಸಂಕಟವೇನೂ ಕಡಿಮೆಯಾಗುತ್ತಿರಲಿಲ್ಲ.

ನನಗೆ ಕಸಿವಿಸಿಯಾದದ್ದು ಎರಡನೆಯ ಭಾಗ. ಇಸ್ರೇಲಿನ ಆ ಸಂಗೀತಗಾರ ತನ್ನ ಸರ್ಕಾರವನ್ನು ಖಂಡಿಸುವ ತನಕ ವೇದಿಕೆ ಕೊಡಬಾರದು ಎಂದು ಕೇಳಿದ್ದೀರಿ. ಬೆಲ್ಜಿಯಂನ ಘೆಂಟ್ ನಗರದಲ್ಲಿ ನಡೆದದ್ದು ನಿನಗೆ ಗೊತ್ತೇ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಕಛೇರಿಯನ್ನು ಅಲ್ಲಿ ರದ್ದು ಮಾಡಿದರು. ಅದನ್ನು ನಡೆಸಿಕೊಡಬೇಕಿದ್ದ ಲಹಾವ್ ಶಾನಿ ಇಸ್ರೇಲ್ ಫಿಲ್ಹಾರ್ಮೋನಿಕ್‌ನ ನಿರ್ದೇಶಕರೂ ಹೌದು. ಅವರು ಶಾಂತಿಯ ಪರವಾಗಿ ಮಾತಾಡಿದ್ದರೂ, ಇಸ್ರೇಲ್ ಸರ್ಕಾರದ ಬಗ್ಗೆ ಅವರ ನಿಲುವು ಸಾಕಷ್ಟು ಸ್ಪಷ್ಟವಾಗಿಲ್ಲ ಎಂದು ಆಯೋಜಕರು ಹೇಳಿದರು. ಅದೇ ತಿಂಗಳು ನಮ್ಮ ಮೈಸೂರಿನಲ್ಲಿ ಏನು ನಡೆಯುತ್ತಿತ್ತು? ದಸರಾ ಉದ್ಘಾಟನೆಗೆ ಬಾನು ಮುಷ್ತಾಕ್ ಅವರನ್ನು ಕರೆದದ್ದಕ್ಕೆ, ಚಾಮುಂಡೇಶ್ವರಿಯ ಬಗ್ಗೆ ಆಕೆ ಮೊದಲು ತಮ್ಮ ಭಾವನೆಯನ್ನು ಸ್ಪಷ್ಟಪಡಿಸಲಿ ಎಂದು ಕೆಲವರು ಪಟ್ಟು ಹಿಡಿದಿದ್ದರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಅರ್ಜಿ ವಜಾ ಆಗಿ, 22ರಂದು ಆಕೆ ಬೆಟ್ಟದ ಮೇಲೆ ಪುಷ್ಪಾರ್ಚನೆ ಮಾಡಿದರು. ಆಗ ನೀನು ಫೋನಿನಲ್ಲಿ ಎಷ್ಟು ಸಿಟ್ಟಾಗಿದ್ದೆ! ‘ಹುಟ್ಟಿನ ಕಾರಣಕ್ಕೆ ಒಬ್ಬರಿಂದ ಪ್ರಮಾಣಪತ್ರ ಕೇಳುವುದೇ?’ ಎಂದಿದ್ದೆ. ಇಸ್ರೇಲಿನ ಸಂಸ್ಥೆಯೊಂದರ ಹುದ್ದೆಯೂ ಹುಟ್ಟಿನ ಧರ್ಮವೂ ಒಂದೇ ಅಲ್ಲ ಎಂದು ನೀನು ವಾದಿಸಬಹುದು, ಅದರಲ್ಲಿ ಹುರುಳೂ ಇದೆ. ಆದರೆ ನಿನ್ನ ಜೊತೆ ಕೂತು ಊಟ ಮಾಡುತ್ತಿದ್ದ ನಿನ್ನ ಯಹೂದಿ ಗೆಳತಿ, ಆ ಚೆಲ್ಲೋ ವಾದಕಿ, ‘ಇದು ನನ್ನ ಬಗ್ಗೆಯೂ ಬರೆದದ್ದು’ ಎಂದಳಲ್ಲ, ಅವಳಿಗೆ ಚುಚ್ಚಿದ್ದು ಈ ಭಾಗವೇ ಇರಬೇಕು.

ಅವಳು ಬೆಳೆದ ದೇಶವನ್ನೂ ನೆನೆದುಕೋ. 2019ರಲ್ಲಿ ಜರ್ಮನಿಯ ಹಾಲೆ ನಗರದಲ್ಲಿ, ಯಹೂದಿಗಳ ಪವಿತ್ರ ಉಪವಾಸದ ದಿನವಾದ ಯೋಮ್ ಕಿಪ್ಪುರ್‌ನಂದು, ಬಂದೂಕುಧಾರಿಯೊಬ್ಬ ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ನುಗ್ಗಲು ಬಂದಿದ್ದ. ಬಾಗಿಲು ಗಟ್ಟಿಯಾಗಿದ್ದರಿಂದ ಒಳಗಿದ್ದವರು ಉಳಿದರು, ಹೊರಗೆ ಇಬ್ಬರು ಸತ್ತರು. ಪೊಲೀಸ್ ಕಾವಲಿನಲ್ಲಿ ಪ್ರಾರ್ಥನೆಗೆ ಹೋಗುವವರಿಗೆ ಒಂದು ಸಹಿಯೂ ಬೇರೆ ರೀತಿ ಕಾಣುತ್ತದೆ.

ಹಾಗೆಂದು ಸಹಿ ಹಾಕಿದವರೆಲ್ಲ ದ್ವೇಷಿಗಳು ಎಂಬ ಮಾತನ್ನು ನಾನು ಎಂದಿಗೂ ಒಪ್ಪುವುದಿಲ್ಲ. ಮುಂಬೈಯ ಕವಿ ರಂಜಿತ್ ಹೊಸ್ಕೋಟೆ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಕಲಾಪ್ರದರ್ಶನದ ಆಯ್ಕೆ ಸಮಿತಿಯಲ್ಲಿದ್ದರು. ಜಿಯೋನಿಸಂ ಮತ್ತು ಹಿಂದುತ್ವವನ್ನು ಜೊತೆಗಿಟ್ಟು ಮುಂಬೈಯಲ್ಲಿ ನಡೆದ ಒಂದು ಕಾರ್ಯಕ್ರಮವನ್ನು ವಿರೋಧಿಸಿ 2019ರಲ್ಲಿ ಹೊರಟ ಪತ್ರಕ್ಕೆ ಸಹಿ ಹಾಕಿದ್ದರು ಎಂದು ಜರ್ಮನ್ ಪತ್ರಿಕೆಯೊಂದು ಬರೆಯಿತು. 2023ರ ನವೆಂಬರ್‌ನಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಬೆನ್ನಿಗೇ ಸಮಿತಿಯಲ್ಲಿ ಉಳಿದವರೆಲ್ಲರೂ ಹೊರನಡೆದರು. ಭಾರತದ ಬೆನೆ ಇಸ್ರೇಲಿ ಎಂಬ ಯಹೂದಿ ಸಮುದಾಯದ ಕವಿ ನಿಸ್ಸಿಮ್ ಎಝೆಕಿಯಲ್ ಅವರನ್ನು ಗುರುವೆಂದು ಭಾವಿಸಿದ ಮನುಷ್ಯ ಅವರು! ಒಂದು ಸಹಿಯಿಂದ ಇಡೀ ಬದುಕನ್ನು ಅಳೆಯುವುದು ಅನ್ಯಾಯ. ನಿನ್ನನ್ನೂ ಯಾರಾದರೂ ಹಾಗೆ ಅಳೆಯುತ್ತಾರೆ ಎಂದು ನನಗೆ ಭಯವಾಗುತ್ತದೆ, ವೀಸಾದ ಚಿಂತೆ ಬೇರೆ.

ಮತ್ತೆ ನಿನ್ನ ಪ್ರಶ್ನೆಗೇ ಬರುತ್ತೇನೆ. ಗೊತ್ತಿಲ್ಲದಂತೆ ಇರಬಹುದೇ? ಇರಬಹುದು ಪುಟ್ಟಿ, ಯಾರಲ್ಲಿಯೂ ಇರಬಹುದು. ಅದೇ ಕಾಸೆಲ್‌ನಲ್ಲಿ 2022ರಲ್ಲಿ ಇಂಡೊನೇಷ್ಯಾದ ಕಲಾವಿದರ ಒಂದು ದೊಡ್ಡ ಚಿತ್ರಪಟ ತೂಗುಹಾಕಿದ್ದರಲ್ಲ, ಆ ದೇಶದ ಸರ್ವಾಧಿಕಾರಿಯಾಗಿದ್ದ ಸುಹಾರ್ತೊನ ಆಡಳಿತದ ಕ್ರೌರ್ಯದ ವಿರುದ್ಧ ಬರೆದದ್ದು. ಆ ಜನಜಂಗುಳಿಯ ಚಿತ್ರದಲ್ಲಿ ಒಬ್ಬನಿಗೆ ಕೋರೆಹಲ್ಲು, ಸಂಪ್ರದಾಯಸ್ಥ ಯಹೂದಿಗಳಂತೆ ಕಿವಿಯ ಪಕ್ಕ ಇಳಿಬಿಟ್ಟ ಕೂದಲು, ಟೋಪಿಯ ಮೇಲೆ ನಾಜಿಗಳ ಎಸ್‌ಎಸ್ ಪಡೆಯ ಗುರುತು. ಮೊದಲು ಕಪ್ಪು ಬಟ್ಟೆ ಮುಚ್ಚಿದರು, ಆಮೇಲೆ ಇಳಿಸಿದರು. ದ್ವೇಷದ ಉದ್ದೇಶ ಇರಲಿಲ್ಲ ಎಂದು ಕಲಾವಿದರು ಕ್ಷಮೆ ಕೇಳಿದರು. ನಾನು ಅವರನ್ನು ನಂಬುತ್ತೇನೆ. ನಂಬುವುದರಿಂದಲೇ ಹೆಚ್ಚು ಹೆದರಿಕೆ. ಉದ್ದೇಶವೇ ಇಲ್ಲದವರ ಕುಂಚದಲ್ಲಿ ಆ ಮುಖ ಬಂದದ್ದು ಹೇಗೆ?

ನಾನು ಓದುತ್ತಿದ್ದಾಗ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕ ಆಡಿದ್ದೆವು. ನಾನು ಪೋರ್ಶಿಯಾ. ಬಡ್ಡಿ ವ್ಯಾಪಾರದ ಯಹೂದಿ ಷೈಲಾಕ್ ಆಗಿದ್ದ ಹುಡುಗಿಯ ಮೂಗಿಗೆ ಮೇಣ ಮೆತ್ತಿ ಹದ್ದಿನ ಕೊಕ್ಕಿನಂತೆ ಬಾಗಿಸಿದ್ದರು. ಅವಳು ರಂಗದ ಮೇಲೆ ಬಂದರೆ ಸಾಕು, ಸಭಾಂಗಣವೆಲ್ಲ ನಗು. ಅಲ್ಲಿದ್ದ ನಮ್ಮಲ್ಲಿ ಯಾರೂ ಒಬ್ಬ ಯಹೂದಿಯನ್ನೂ ಕಂಡಿರಲಿಲ್ಲ. ಆ ಮೂಗು ಮಾತ್ರ ನಮಗೆ ಗೊತ್ತಿತ್ತು. ನಮ್ಮಲ್ಲಿ ಯಹೂದಿಗಳನ್ನು ಹಿಂಸಿಸಿದ ಚರಿತ್ರೆಯಿಲ್ಲ ಎಂದು ಹೆಮ್ಮೆಪಡುತ್ತೇವೆ, ಬಹುಮಟ್ಟಿಗೆ ನಿಜವೇ. ಆದರೆ ಫುಟ್‌ಪಾತಿನಲ್ಲಿ ಹಿಟ್ಲರನ ಆತ್ಮಕಥೆ ಮಾರುವವನನ್ನು ದಾಟಿಕೊಂಡೇ ತರಕಾರಿಗೆ ಹೋಗುತ್ತೇವೆ, ಮನಸ್ಸಿಗೆ ಏನೂ ತಟ್ಟುವುದಿಲ್ಲ.

ಇನ್ನೊಂದು ನೆನಪು ಬಿಡುತ್ತಿಲ್ಲ. 2015ರ ಆಗಸ್ಟ್‌ನಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರ ಹತ್ಯೆಯಾಯಿತು. ಸಾಹಿತಿಗಳು ಪ್ರಶಸ್ತಿ ಹಿಂದಿರುಗಿಸುತ್ತಿದ್ದಾಗ ನಮ್ಮ ಓದುಗರ ಬಳಗವೂ ಎರಡಾಯಿತು. ನಾನು ಹಿಂದಿರುಗಿಸಿದವರ ಪರ, ನನ್ನ ಆಪ್ತ ಗೆಳತಿ ಎದುರು ಪಕ್ಷ. ಮಾತು ನಿಂತಿತು. ಕೋವಿಡ್ ಎರಡನೆಯ ಅಲೆಯಲ್ಲಿ ಅವಳು ಹೋದಳು, ಮುಖ ನೋಡಲೂ ಆಗಲಿಲ್ಲ. ನನ್ನ ನಿಲುವು ಇಂದಿಗೂ ಅದೇ. ಆದರೆ ಅವಳಿಗೆ ನನ್ನ ಯಾವ ಮಾತು ನಾಟಿತು ಎಂಬುದು ಅವಳ ಬಾಯಿಂದ ಕೇಳದೆ ಉಳಿದೇಹೋಯಿತು.

ಏನು ಮಾಡಲಿ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ, ಬೇಡವೆನಿಸಿದರೆ ಬಿಡು. ಅವಳಿಗೆ ಮೆಸೇಜ್ ಕಳಿಸಬೇಡ, ಮನೆಗೇ ಹೋಗು. ಸಹಿಯನ್ನು ಸಮರ್ಥಿಸಿಕೊಳ್ಳಲೂ ಬೇಡ, ಹಿಂತೆಗೆದುಕೊಳ್ಳುತ್ತೇನೆ ಎಂದು ಗಡಿಬಿಡಿಯಲ್ಲಿ ಹೇಳಲೂ ಬೇಡ. ಯಾವ ಸಾಲು ಅವಳಿಗೆ ನೋವು ಕೊಟ್ಟಿತು ಎಂದು ಕೇಳು. ಗಾಜಾದ ಬಗ್ಗೆ ನಿನಗನಿಸುವುದನ್ನೂ ಬಚ್ಚಿಡಬೇಡ, ಬಚ್ಚಿಟ್ಟರೆ ಅವಳಿಗೆ ಗೊತ್ತಾಗುತ್ತದೆ. ಮುಂದೆ ಯಾರಾದರೂ ಹೇಳಿಕೆ ತಂದರೆ ಒಂದು ರಾತ್ರಿ ಇಟ್ಟುಕೊಂಡು ಓದು. ಇಷ್ಟೇ ನನಗೆ ತೋಚುವುದು. ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿ ಕೂತ ನನಗಿಂತ ಅವಳಿಗೆ ಹೆಚ್ಚು ಗೊತ್ತಿರಬಹುದು.

ಅವಳು ಬಾಗಿಲು ತೆಗೆಯದಿದ್ದರೆ ಅದನ್ನೂ ನನಗೆ ಬರೆ. ಕಟುವಾಗಿ ಏನಾದರೂ ಅಂದರೆ ಅಮ್ಮನಿಗೆ ಹೇಳದಿದ್ದರೂ ನನಗೆ ಹೇಳು.

ಇತಿ,
ನಿನ್ನ ದೊಡ್ಡಮ್ಮ