ಅದು ಬೇಸ್ ಅಲ್ಲ, ಗಿಟಾರೇ

ಮಾನ್ಯ ಸಂಪಾದಕರೇ,

ಫುಟ್‌ಬಾಲ್ ಮೈದಾನದ ಹಾಡುಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ದಿ ವೈಟ್ ಸ್ಟ್ರೈಪ್ಸ್ ತಂಡದ ‘ಸೆವೆನ್ ನೇಷನ್ ಆರ್ಮಿ’ (2003) ಬೇಸ್ ಗಿಟಾರಿನಿಂದ (ಕೆಳಸ್ಥಾಯಿಯ ಗಿಟಾರ್) ಶುರುವಾಗುತ್ತದೆ ಎಂದು ಬರೆದಿರುವುದು ತಪ್ಪು. ಡೆಟ್ರಾಯಿಟ್‌ನ ಆ ತಂಡದಲ್ಲಿದ್ದವರೇ ಇಬ್ಬರು: ಗಿಟಾರ್ ಹಿಡಿದು ಹಾಡುವ ಜ್ಯಾಕ್ ವೈಟ್, ಡ್ರಮ್ಸ್‌ಗೆ ಮೆಗ್ ವೈಟ್. ನಮಗೆ ಕೇಳಿಸುವುದು ಕೇ ಕಂಪನಿಯ ಹಳೆಯ ಹಾಲೋಬಾಡಿ (ಒಡಲು ಟೊಳ್ಳಾದ) ಗಿಟಾರ್. ಕಾಲಿನಿಂದ ಒತ್ತಿ ಶ್ರುತಿ ಬದಲಿಸುವ ವ್ಯಾಮಿ ಪೆಡಲ್ ಅದರ ದನಿಯನ್ನು ಒಂದು ಸ್ಥಾಯಿ ಕೆಳಗಿಳಿಸಿದೆ. ಕಂಪ್ಯೂಟರಿನ ಕೈಚಳಕವೂ ಅಲ್ಲ. ಲಂಡನ್ನಿನ ಟೋ ರ‍್ಯಾಗ್ ಸ್ಟುಡಿಯೋದಲ್ಲಿ ಟೇಪಿನ ಮೇಲೆ ಧ್ವನಿಮುದ್ರಣವಾದ ಹಾಡದು.

ಪೆಡಲ್ ಯಾಕೆ ಬೇಕಾಯಿತು? ಹಾಡಿನಲ್ಲಿ ಮತ್ತೆ ಮತ್ತೆ ಬರುವ ಸ್ವರಗುಚ್ಛ, ಅಂದರೆ ರಿಫ್‌ನ ಸ್ವರಗಳನ್ನೇ ನೋಡಿ: ಇ, ಇ, ಜಿ, ಇ, ಡಿ, ಸಿ, ಬಿ. ಇ-ಯನ್ನು ಷಡ್ಜ ಮಾಡಿಕೊಂಡರೆ ಸ ಸ ಗ ಸ ನಿ ದ ಪ. ಸಾಧಾರಣ ಗಾಂಧಾರ, ಕೈಶಿಕಿ ನಿಷಾದ, ಶುದ್ಧ ಧೈವತ, ಕೊನೆಯ ಮೂರೂ ಮಂದ್ರದವು. ಮಾಮೂಲಿ ಶ್ರುತಿಯ ಗಿಟಾರಿನಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ ಆರನೇ ತಂತಿಯ ಇ, ಸುಮಾರು 82 ಹರ್ಟ್ಸ್. ಈ ರಿಫ್ ಹೊರಡುವುದೇ ಅಲ್ಲಿಂದ, ಇಳಿಯುವುದು ಸುಮಾರು 62 ಹರ್ಟ್ಸ್‌ನ ಬಿ-ವರೆಗೆ. ಅಂದರೆ ಆ ಮೂರು ಮಂದ್ರ ಸ್ವರಗಳಿಗೆ ಗಿಟಾರಿನಲ್ಲಿ ಜಾಗವೇ ಇಲ್ಲ.

ನುಡಿಸಬೇಕೆನ್ನುವವರು ಐದನೇ ತಂತಿಯೊಂದರಲ್ಲೇ 7, 7, 10, 7, 5, 3, 2ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಹಿಡಿಯಲಿ. ಪೆಡಲನ್ನು ಒಂದು ಸ್ಥಾಯಿ ಕೆಳಕ್ಕೆ ಇಟ್ಟು, ಕಾಲ್ಬೆರಳ ಕಡೆಗೆ ಪೂರ್ತಿ ಒತ್ತಬೇಕು. ಎಡವುವುದು ಇಲ್ಲೇ. ಕಾಲು ಅರ್ಧಕ್ಕೆ ನಿಂತರೆ ಶ್ರುತಿಯೂ ಅರ್ಧದಲ್ಲೇ ನಿಲ್ಲುತ್ತದೆ, ಗಿಟಾರ್ ಎಷ್ಟು ಟ್ಯೂನ್ ಮಾಡಿದ್ದರೂ ಅಪಸ್ವರ. ಎರಡು ತಂತಿ ಒಟ್ಟಿಗೆ ಮೀಟಿದರೆ ಪೆಡಲಿಗೆ ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಸದ್ದು ಗುಳುಗುಳು ಅನ್ನುತ್ತದೆ; ಮಿಕ್ಕ ತಂತಿಗಳನ್ನು ಅಂಗೈಯಿಂದ ಮುಚ್ಚಿಡಿ. ಸದ್ದು ಒಡೆಯುವ ಡಿಸ್ಟಾರ್ಷನ್ ಬೇಕಿದ್ದರೆ ಅದು ವ್ಯಾಮಿಯ ನಂತರ ಬರಲಿ. ಮೊದಲೇ ಒಡೆದ ಸದ್ದು ಕೊಟ್ಟರೆ ಪೆಡಲ್ ಸ್ವರ ಗುರುತಿಸಲು ತಡಕಾಡುತ್ತದೆ. ನೆಕ್ ಪಿಕಪ್ (ಕತ್ತಿನ ಬಳಿ ತಂತಿಯ ಕಂಪನ ಹಿಡಿಯುವ ಭಾಗ) ಆರಿಸಿ ಟೋನ್ ಗುಂಡಿಯನ್ನು ಸ್ವಲ್ಪ ತಗ್ಗಿಸಿದರೆ ಪೆಡಲಿನ ಹಿಡಿತ ಇನ್ನೂ ಗಟ್ಟಿ.

ತಾಳದಲ್ಲೂ ಒಂದು ಗಂಟಿದೆ. ಜಿ, ಇ, ಡಿ ಈ ಮೂರು ಸ್ವರ ಎರಡು ಪೆಟ್ಟಿನೊಳಗೆ ಮುಗಿಯಬೇಕು. ಪೆಟ್ಟಿಗೊಂದರಂತೆ ನುಡಿಸಿದರೆ ಮುಂದಿನ ಸಿ ತಡವಾಗಿ ಬಿದ್ದು, ಡ್ರಮ್ಸ್ ಒಂದು ದಾರಿ ಗಿಟಾರ್ ಒಂದು ದಾರಿ. ಮೆಗ್ ವೈಟ್ ಮೊದಲಿಗೆ ಪೆಟ್ಟಿಗೊಂದು ಬಾಸ್ ಡ್ರಮ್ ಬಿಟ್ಟು ಹೆಚ್ಚೇನೂ ನುಡಿಸುವುದಿಲ್ಲ. ಅದನ್ನು ‘ಬರೀ ಸುಲಭ’ ಎಂದು ಹೀಗಳೆಯುವವರು ಅಲ್ಲೊಂದು ರೋಲ್ (ಸರಸರನೆ ಬಾರಿಸುವ ಪೆಟ್ಟುಗಳು) ಸೇರಿಸಿ ನೋಡಲಿ, ರಿಫ್‌ನ ಭಾರ ಅಲ್ಲೇ ಸೋರಿಹೋಗುತ್ತದೆ.

2003ರ ಅಕ್ಟೋಬರಿನಲ್ಲಿ ಮಿಲಾನ್‌ಗೆ ಹೋದ ಬೆಲ್ಜಿಯಂನ ಕ್ಲಬ್ ಬ್ರೂಗೆ ಅಭಿಮಾನಿಗಳು ಇದನ್ನು ಮೈದಾನಕ್ಕೆ ತಂದರು, 2006ರ ವಿಶ್ವಕಪ್ಪಿನಲ್ಲಿ ಇಟಲಿಯವರು ಊರೆಲ್ಲ ಹಬ್ಬಿಸಿದರು. ಹಬ್ಬದೆ ಇನ್ನೇನು? ಜಿ-ಯಿಂದ ಬಿ-ವರೆಗೆ ಇಡೀ ರಿಫ್‌ನ ಹರವು ಎಂಟೇ ಅರ್ಧಸ್ವರ. ಗಂಟಲು ಪಳಗದವರಿಗೂ ನಿಲುಕುತ್ತದೆ, ಸಾಹಿತ್ಯ ಬೇಕಿಲ್ಲ.

ಕಾಲೇಜು ಬ್ಯಾಂಡುಗಳಲ್ಲಿ ಬೇಸ್ ವಾದಕರಿದ್ದರೆ ರಿಫ್ ಅವರಿಗೇ ಕೊಡಿ, ತಪ್ಪಿಲ್ಲ. ಅದೇ ಎತ್ತರದಲ್ಲಿ ಕೇಳುತ್ತದೆ. ಆಗ ಗಿಟಾರಿನವರು ಪೆಡಲಿನಿಂದ ಕಾಲು ತೆಗೆದು ಮೇಲಿನ ಸ್ಥಾಯಿಯಲ್ಲೇ ಇರಲಿ. ಇಬ್ಬರೂ ಕೆಳಗಿಳಿದರೆ ಸ್ಪೀಕರಿನಿಂದ ಬರುವುದು ಬರೀ ಗುಡುಗು.

– ಗಿಟಾರ್ ಶಿಕ್ಷಕರು, ಮೈಸೂರು