ಹಂದಿಯ ಜೀನು ಓದುತ್ತಿರುವ ಮಗಳಿಗೆ

ಪೊನ್ನಂಪೇಟೆ

ಪ್ರೀತಿಯ ಮಗಳೇ,

ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಪ್ರೋಟೀನಿನ ಒಂದೊಂದು ತುಣುಕನ್ನು, ಅಂದರೆ ಅಮೈನೋ ಆಮ್ಲವನ್ನು, ಸೂಚಿಸುವ ಮೂರಕ್ಷರದ ಡಿಎನ್‌ಎ ಪದವೇ ಕೋಡಾನ್. ಒಂದೇ ಆಮ್ಲಕ್ಕೆ ಹಲವು ಕೋಡಾನ್ ಇದ್ದರೂ ಹಂದಿಯ ಜೀನುಗಳು ಕೆಲವನ್ನೇ ಯಾಕೆ ಹೆಚ್ಚು ಬಳಸುತ್ತವೆ ಅಂತ ಹುಡುಕುತ್ತಿದ್ದೀಯ. ಅದರ ಬಗ್ಗೆ ನಿನ್ನ ಪತ್ರದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. ‘ಇದರಲ್ಲಿ ನಿಸರ್ಗದ ಆಯ್ಕೆಯ ಕೈವಾಡ ಇಲ್ಲ ಅಂತಾದರೆ ನಾನು ಇಷ್ಟು ದಿನ ಸುಮ್ನೆ ಅಕ್ಷರ ಎಣಿಸಿದ ಹಾಗೆ, ದೊಡ್ಡಪ್ಪ’ ಅಂತ ಬರೆದಿದ್ದೀಯಲ್ಲ, ಅದು.

ಸುಮ್ನೆ ಹೇಗಾಗುತ್ತದೆ? ಲ್ಯೂಸಿನ್ ಅನ್ನುವ ಆಮ್ಲಕ್ಕೆ ಆರು ಕೋಡಾನ್‌ಗಳಿವೆ. ಆರೂ ತರುವುದು ಒಂದೇ ಅಮೈನೋ ಆಮ್ಲ. ಆದರೂ ಹಂದಿಯ ಜೀನುಗಳಲ್ಲಿ ಸಿಟಿಜಿ ಜಾಸ್ತಿ, ಟಿಟಿಎ ಕಡಿಮೆ. ಯಾಕೆ ಅಂತ ಕೇಳಿದವಳು ನೀನು. ಹೆಬ್ಬಾಳದಲ್ಲಿ ಓದುವಾಗ ನಾನೂ ಆ 64 ಕೋಡಾನ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೆ. ಒಂದಕ್ಕೆ ಆರು ಯಾಕೆ ಬೇಕು ಅಂತ ಅನಿಸಿತ್ತು. ಮುಂದೆ ಓದುವ ಆಸೆಯೂ ಇತ್ತು. ಅಪ್ಪ ಹಾಸಿಗೆ ಹಿಡಿದರು, ತೋಟ ನೋಡುವವರಿರಲಿಲ್ಲ, ಊರಿಗೆ ಬಂದೆ. ಈಗಲೂ ಅದು ಕೊರೆಯುತ್ತದೆ.

ನಿನ್ನ ಭಯಕ್ಕೇ ಬರುತ್ತೇನೆ. ಈ. ಕೋಲಿ ಬ್ಯಾಕ್ಟೀರಿಯಾದಲ್ಲಿ, ಯೀಸ್ಟ್‌ನಲ್ಲಿ ಆಯ್ಕೆ ಎದ್ದು ಕಾಣುತ್ತದೆ. ಜಾಸ್ತಿ ತಯಾರಾಗುವ ಪ್ರೋಟೀನ್‌ಗಳ ಜೀನುಗಳು ಹೇರಳವಾಗಿರುವ ಟಿಆರ್‌ಎನ್‌ಎಗೆ (ಕೋಡಾನ್ ಓದಿ ಅಮೈನೋ ಆಮ್ಲ ತಂದುಕೊಡುವ ಅಣು) ಹೊಂದುವ ಕೋಡಾನನ್ನೇ ಹೆಚ್ಚು ಬಳಸುತ್ತವೆ. ಹಂದಿ ಹಾಗಲ್ಲ. ಬ್ಯಾಕ್ಟೀರಿಯಾಗಳ ಸಂಖ್ಯೆಯ ಮುಂದೆ ಸಸ್ತನಿಗಳದು ತೀರಾ ಚಿಕ್ಕದು. ಚಿಕ್ಕ ಗುಂಪಿನಲ್ಲಿ ಆಕಸ್ಮಿಕದ ಆಟವೇ ಜಾಸ್ತಿ, ಅಷ್ಟು ಸಣ್ಣ ಅನುಕೂಲ ಆಯ್ಕೆಗೆ ಸಿಗುವುದೇ ಕಷ್ಟ. ಜೀನು ಕೂತ ಜಾಗದ ಡಿಎನ್‌ಎಯಲ್ಲಿ ಜಿ, ಸಿ ಅಕ್ಷರಗಳು ಎಷ್ಟಿವೆ ಅನ್ನುವುದೇ ಬಹುಪಾಲು ನಡೆಸುತ್ತದೆ. ಅದು ನಿಜವಾದರೆ ಅದೇ ನಿನ್ನ ಉತ್ತರ, ಅಲ್ವಾ? ಕೈಗೆ ಏನೂ ಸಿಗಲಿಲ್ಲ ಅಂತ ಯಾಕೆ ಅಂದುಕೊಳ್ಳುತ್ತೀಯ?

ನಿನಗೆ ಗೈಡ್ ಇದ್ದಾರೆ, ನಾನು ಹೇಳಬಾರದೇನೋ. ಆದರೂ ಒಂದು ಮಾತು. ನೀನು ಆರಿಸಿಕೊಂಡ, ವೈರಸ್ ವಿರುದ್ಧ ಕೆಲಸ ಮಾಡುವ ಇಂಟರ್‌ಫೆರಾನ್ ಆಲ್ಫಾ ಪ್ರೋಟೀನಿನ ಜೀನುಗಳು ಒಂದನೇ ಕ್ರೋಮೋಸೋಮಿನಲ್ಲಿ ಹತ್ತಿರ ಹತ್ತಿರ ಕೂತಿವೆ, ನಕಲಾಗಿ ನಕಲಾಗಿ ಬೆಳೆದ ಸಂಸಾರ. ಒಂದೇ ಒಕ್ಕದ ಹತ್ತು ಜನ ಬಂದು ಒಂದೇ ಮಾತು ಹೇಳಿದರೆ ಅದನ್ನು ಹತ್ತು ಸಾಕ್ಷಿ ಅನ್ನುವುದಿಲ್ಲ. ಜೀನುಗಳೂ ಗಿಡ್ಡ, ಒಂದೊಂದರಲ್ಲಿ ಸುಮಾರು 190 ಕೋಡಾನ್. ಅಪರೂಪಕ್ಕೆ ಬರುವ ಅಮೈನೋ ಆಮ್ಲಗಳಿಗೆ ಶೇಕಡಾ ಲೆಕ್ಕ ಹಾಕಿ ನಂಬಬೇಡ.

ಇಂಟರ್‌ಫೆರಾನ್ ಅಂದರೆ ಇಲ್ಲಿನ ಹಂದಿಗಳಿಗೆ ಜ್ವರ ಬಂದು ಸತ್ತ ಆ ಮಳೆಗಾಲವೇ ನನ್ನ ಕಣ್ಣ ಮುಂದೆ ಬರುತ್ತದೆ. ಗೂಡುಗಳು ಖಾಲಿಯಾದವು. ಒಂದು ಮನೆಯಲ್ಲಿ ಒಂದೇ ತಾಯಿಯ ಮರಿಗಳಲ್ಲಿ ಎರಡು ಬದುಕಿದವು, ಉಳಿದವು ಸತ್ತವು. ಇವೆರಡು ಹೇಗೆ ಉಳಿದವು ಅಂತ ಆ ಮನೆಯ ಅಜ್ಜಿ ಕೇಳಿದರು. ರಕ್ತ ತೆಗೆದಿಡಲು ನನ್ನ ಹತ್ತಿರ ಐಸ್ ಕೂಡ ಇರಲಿಲ್ಲ. ವೈರಸ್ ಹೊಕ್ಕ ಜೀವಕೋಶ ಪಕ್ಕದವಕ್ಕೆ ಎಚ್ಚರಿಕೆ ಕೊಡುವುದು ನೀನು ಓದುತ್ತಿರುವ ಈ ಜೀನುಗಳಿಂದಲೇ. ನಿನ್ನ ಕೆಲಸ ಆ ಅಜ್ಜಿಗೆ ಉತ್ತರ ಅಲ್ಲ, ಗೊತ್ತು. ಆದರೂ ಅದನ್ನು ‘ಸುಮ್ನೆ’ ಅಂದದ್ದು ನನಗೆ ತಡೆಯಲಾಗಲಿಲ್ಲ.

ಒಂದು ಜೀನು ಎಷ್ಟು ಕೋಡಾನ್‌ಗಳನ್ನು ನಿಜವಾಗಿ ಬಳಸುತ್ತದೆ ಅನ್ನುವುದಕ್ಕೆ ರೈಟ್ ಅನ್ನುವ ವಿಜ್ಞಾನಿ 1990ರಲ್ಲಿ ಕೊಟ್ಟ ಲೆಕ್ಕವಿದೆಯಲ್ಲ, ಆಮ್ಲಕ್ಕೊಂದೇ ಕೋಡಾನ್ ಬಳಸಿದರೆ 20, ‘ನಿಲ್ಲಿಸು’ ಅನ್ನುವ ಮೂರನ್ನು ಬಿಟ್ಟು ಎಲ್ಲವನ್ನೂ ಸಮವಾಗಿ ಬಳಸಿದರೆ 61. ಅದನ್ನಿಟ್ಟು ನೀನು ಬರೆದ ನಕ್ಷೆಯಲ್ಲಿ ಜೀನುಗಳ ಚುಕ್ಕೆಗಳು, ಆಯ್ಕೆ ಇಲ್ಲದೆ ಬರೀ ಜಿ, ಸಿ ಪ್ರಮಾಣವೇ ನಡೆಸಿದರೆ ಬರುವ ಗೆರೆಯ ಮೇಲೇ ಬಿದ್ದವು ಅಂತ ತಾನೇ ನೀನು ಹೆದರಿದ್ದು? ಬೀಳಲಿ. ಪಕ್ಕದಲ್ಲಿ ಪ್ರೋಟೀನ್ ಮಾಡದ ಡಿಎನ್‌ಎ ಇರುತ್ತದೆ, ಅದರ ಜಿ, ಸಿ ಲೆಕ್ಕವನ್ನೂ ಜೊತೆಗಿಟ್ಟು ನೋಡು. ಗೈಡ್ ಹತ್ತಿರವೂ ಈ ಹೆದರಿಕೆಯನ್ನು ಮುಚ್ಚಿಡದೆ ಹೇಳು.

ಹುತ್ತರಿಗೆ ಬರುವಾಗ ಆ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಾ. ಫೋನಿನಲ್ಲಿ ನನಗೆ ಚುಕ್ಕೆಗಳು ಕಾಣುವುದಿಲ್ಲ.

ನಿನ್ನ ದೊಡ್ಡಪ್ಪ