ಮಗಳಿಗೊಂದು ಪತ್ರ: ಯಾರಿಗೂ ನೋವಾಗದಿದ್ದರೆ

ಪ್ರೀತಿಯ ಪುಟ್ಟಿ,

ಆವತ್ತು ಫೋನಿನಲ್ಲಿ ನಾನು ನಿನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಿನ್ನ ರೂಮಿನ ಪಕ್ಕದ ಹುಡುಗಿ ವಿಕ್ಕಾ ಧರ್ಮದವಳು, ಅಕ್ಟೋಬರ್ 31ರ ರಾತ್ರಿ ಅವರ ಹಬ್ಬಕ್ಕೆ ಕರೆದಿದ್ದಾಳೆ, ಹೋಗಲಾ ಅಮ್ಮ ಅಂತ ಕೇಳಿದೆ. ಅವಳು ತನ್ನನ್ನು ವಿಚ್ ಅಂತಲೇ ಹೇಳಿಕೊಳ್ಳುತ್ತಾಳೆ ಅಂದೆ. ನನ್ನ ಕಿವಿಗೆ ಬಿದ್ದಿದ್ದು ಮಾಟಗಾತಿ ಅಂತ. ಎದೆ ಧಸಕ್ ಅಂದಿತು. ಊಟ ಆಯ್ತಾ ಅಂತ ಮಾತು ತಿರುಗಿಸಿ ಫೋನ್ ಇಟ್ಟುಬಿಟ್ಟೆ.

ಆಮೇಲೆ ದಿನಾ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಕೂತು ಓದಿದೆ. ಓದಿದ್ದನ್ನೂ, ಓದುವಾಗ ನೆನಪಾಗಿದ್ದನ್ನೂ ಬರೆಯುತ್ತಿದ್ದೇನೆ. ಫೋನಿನಲ್ಲಿ ಇಷ್ಟು ಹೇಳೋಕೆ ನನ್ನಿಂದ ಆಗುವುದಿಲ್ಲ.

ಇಂಗ್ಲೆಂಡಿಗೆ ಹೋಗಿ ಕಾಲೇಜಿಗೆ ಸೇರಿದ ಹೊಸದರಲ್ಲಿ ಲ್ಯಾಂಕಾಸ್ಟರ್ ಕೋಟೆ ಮುಂದೆ ನಿಂತು ಫೋಟೋ ಕಳಿಸಿದ್ದೆ, ಅಲ್ವಾ? 1612ರ ಆಗಸ್ಟ್‌ನಲ್ಲಿ ಅದೇ ಕೋಟೆಯಲ್ಲಿ ಪೆಂಡಲ್ ಬೆಟ್ಟದ ಕಡೆಯ ಜನರನ್ನು, ಹೆಚ್ಚಿನವರು ಬಡವರು, ವಿಚಾರಣೆಗೆ ನಿಲ್ಲಿಸಿದ್ದರು. ಶುರುವಾಗಿದ್ದು ಗುಂಡುಸೂಜಿಯಿಂದ. ಅಲಿಜನ್ ಡಿವೈಸ್ ಅನ್ನುವ ಹುಡುಗಿ ದಾರಿಯಲ್ಲಿ ಸಿಕ್ಕ ವ್ಯಾಪಾರಿಯನ್ನು ಗುಂಡುಸೂಜಿ ಕೇಳಿದಳು. ಅವನು ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಕುಸಿದುಬಿದ್ದ. ಲಕ್ವ ಹೊಡೆದಿರಬೇಕು ಅಂತ ಈಗ ಓದಿದವರಿಗೆ ಅನ್ನಿಸುತ್ತದೆ. ಆಗ ಮಾಟ ಅಂದರು. ಹತ್ತು ಜನರನ್ನು ನೇಣಿಗೆ ಹಾಕಿದರು. ಅಲಿಜನ್‌ಳ ತಂಗಿ ಜೆನೆಟ್‌ಗೆ ಸುಮಾರು ಒಂಬತ್ತು ವರ್ಷ. ಅವಳನ್ನು ಮೇಜಿನ ಮೇಲೆ ನಿಲ್ಲಿಸಿ ಹೆತ್ತ ತಾಯಿಯ ವಿರುದ್ಧವೇ ಸಾಕ್ಷಿ ಹೇಳಿಸಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ಸತ್ತ ಆ ಹತ್ತು ಜನ ವಿಕ್ಕಾದವರಲ್ಲ. ವಿಕ್ಕಾ ತೀರಾ ಈಚಿನದು. ಮಲಯದಲ್ಲಿ, ಅಂದರೆ ಈಗಿನ ಮಲೇಷ್ಯಾದಲ್ಲಿ, ಸುಂಕದ ಅಧಿಕಾರಿಯಾಗಿದ್ದ ಜೆರಾಲ್ಡ್ ಗಾರ್ಡ್ನರ್ ನಿವೃತ್ತಿಯಾಗಿ ಇಂಗ್ಲೆಂಡಿಗೆ ಬಂದ ಮೇಲೆ ಇದಕ್ಕೊಂದು ರೂಪ ಕೊಟ್ಟ. ಹಳೆಯ ಕಾಲದಿಂದ ಗುಟ್ಟಾಗಿ ಉಳಿದುಬಂದ ಧರ್ಮ ಇದು ಅಂತ ಅವನು ಹೇಳಿದ. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಮಾಟದ ಶಕ್ತಿ ಇದೆ ಅಂತ ಹೇಳಿಕೊಳ್ಳುವುದನ್ನೇ ಅಪರಾಧ ಮಾಡಿದ್ದ 1735ರ ವಿಚ್‌ಕ್ರಾಫ್ಟ್ ಕಾಯ್ದೆಯನ್ನು ಅಲ್ಲಿ 1951ರಲ್ಲಿ ತೆಗೆದುಹಾಕಿದರು. 1954ರಲ್ಲಿ ಗಾರ್ಡ್ನರ್ ಪುಸ್ತಕ ಬರೆದು ಬಹಿರಂಗವಾಗಿಯೇ ಮಾತಾಡಿದ. ನನಗಿಂತ ನಮ್ಮಮ್ಮನ ವಯಸ್ಸಿಗೆ ಹತ್ತಿರದ ಧರ್ಮ. ಹಾಗಂತ ಅದು ಸುಳ್ಳಾಗುವುದಿಲ್ಲ, ಪುಟ್ಟಿ. ನೇಣಿಗೆ ಹಾಕಲು ಬಳಸಿದ ಆ ಒಂದು ಪದವನ್ನು ಇವರು ಬೇಕಂತಲೇ ಎತ್ತಿಕೊಂಡು ತಮ್ಮ ಹೆಸರಾಗಿ ಇಟ್ಟುಕೊಂಡರು. ಅದಕ್ಕೆ ಧೈರ್ಯ ಬೇಕು.

ಅವರಿಗೆ ಒಬ್ಬ ದೇವಿ, ಒಬ್ಬ ಕೊಂಬಿನ ದೇವರು. ದೇವಿ ಚಂದ್ರನ ಹಾಗೆ ಕನ್ಯೆ, ತಾಯಿ, ಮುದುಕಿ ಅಂತ ಮೂರು ರೂಪದವಳು. ಕೊಂಬು ನೋಡಿ ಸೈತಾನ ಅನ್ನುವವರಿದ್ದಾರೆ. ಆದರೆ ಸೈತಾನ ಕ್ರೈಸ್ತರ ನಂಬಿಕೆಗೆ ಸೇರಿದವನು, ಇವರಿಗೆ ಅವನು ಇಲ್ಲವೇ ಇಲ್ಲ. ಕೊಂಬು ಕಾಡಿನದು, ಜಿಂಕೆಯದು. ವರ್ಷಕ್ಕೆ ಎಂಟು ಹಬ್ಬ, ಎಲ್ಲ ಸೂರ್ಯನ ಓಡಾಟಕ್ಕೂ ಬೆಳೆಗೂ ಹೊಂದಿಕೊಂಡಿವೆ. ಹುಣ್ಣಿಮೆಗೆ ಬೇರೆ ಪೂಜೆ. ಸಂಕ್ರಾಂತಿ, ಹುಣ್ಣಿಮೆ ಅಂತ ಬೆಳೆದ ನಿನಗೆ ಇದನ್ನು ವಿವರಿಸಬೇಕಾಗಿಲ್ಲ.

ನಾನು ಜಾಸ್ತಿ ಹೊತ್ತು ಕೂತಿದ್ದು ಒಂದೇ ಒಂದು ಸಾಲಿನ ಮುಂದೆ. ಡೊರೀನ್ ವಾಲಿಯೆಂಟೆ ಅನ್ನುವ ಹೆಂಗಸು ಗಾರ್ಡ್ನರ್ ಜೊತೆ ಸೇರಿ ಇವರ ಪೂಜೆಯ ಮಾತುಗಳನ್ನು ತಿದ್ದಿ ಬರೆದವಳು. ಆ ಸಾಲನ್ನು 1964ರಲ್ಲಿ ಎಲ್ಲರ ಮುಂದೆ ಹೇಳಿದವಳೂ ಅವಳೇ. ಇಂಗ್ಲಿಷಿನಲ್ಲಿ ಎಂಟು ಪದ. ಕನ್ನಡದಲ್ಲಿ ಹೀಗೆ ಹೇಳಬಹುದು: ಯಾರಿಗೂ ನೋವಾಗದಿದ್ದರೆ, ನಿನ್ನಿಚ್ಛೆಯಂತೆ ಮಾಡು. ಇದಕ್ಕೆ ರೀಡ್ ಅನ್ನುತ್ತಾರೆ. ಅದು ಹಳೇ ಇಂಗ್ಲಿಷ್ ಪದ, ಬುದ್ಧಿಮಾತು ಅಂತ ಅರ್ಥ. ಕಟ್ಟಪ್ಪಣೆ ಅಲ್ಲ.

ಮೊದಲು ಓದಿದಾಗ ಇದೇನು ಹೇಗೆ ಬೇಕೋ ಹಾಗೆ ಬದುಕೋಕೆ ರಹದಾರಿಯಾ ಅನ್ನಿಸಿತು. ಅಲ್ಲ. ನಮಗೆ ಇದು ಮಾಡು, ಇದು ಮಾಡಬೇಡ ಅಂತ ಹಿರಿಯರು ಹೇಳಿಟ್ಟಿದ್ದಾರೆ. ಅಷ್ಟು ಮಾಡಿದರೆ ನಮ್ಮ ಪಾಲಿನದು ಮುಗಿಯಿತು. ಇವರಿಗೆ ಹಾಗಿಲ್ಲ. ಪ್ರತಿ ಸಲವೂ ತಾನೇ ಕೂತು ಲೆಕ್ಕ ಹಾಕಬೇಕು. ಇದರಿಂದ ಯಾರಿಗೆ ನೋವಾಗುತ್ತದೆ? ನನಗೇ ಆಗುತ್ತದಾ? ಯಾರಿಗೂ ಅಂದಾಗ ತಾನೂ ಅದರಲ್ಲಿ ಸೇರುತ್ತಾಳೆ ಅಂತ ಅವರಲ್ಲಿ ತುಂಬಾ ಜನ ಹೇಳುತ್ತಾರೆ. ಮೈ ಕೆಡಿಸಿಕೊಂಡು ರಾತ್ರಿಯೆಲ್ಲಾ ಓದುವ ನೀನು ಇದನ್ನು ಎರಡು ಸಲ ಓದು.

ನಮ್ಮ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಈಗಲೂ ಚೀಟಿ ಅಂಟಿಸಿರುತ್ತಾರೆ. ಸ್ತ್ರೀ ವಶೀಕರಣ, ಪುರುಷ ವಶೀಕರಣ, ಕೆಳಗೊಂದು ಮೊಬೈಲ್ ನಂಬರ್. ವಿಕ್ಕಾದವರೂ ಮಂತ್ರ, ತಂತ್ರ ಮಾಡುತ್ತಾರೆ. ಮೋಂಬತ್ತಿ ಹಚ್ಚುತ್ತಾರೆ, ಸೊಪ್ಪು ಬೇರು ಇಡುತ್ತಾರೆ. ಆದರೆ ಒಬ್ಬರ ಮನಸ್ಸನ್ನು ಅವರಿಗೆ ಗೊತ್ತಿಲ್ಲದೆ ತಿರುಗಿಸುವುದು ತಪ್ಪು ಅಂತ ಅವರಲ್ಲಿ ಬಹಳ ಮಂದಿಯ ಮಾತು. ಇಚ್ಛೆ ನಿನಗೆ ಇರುವ ಹಾಗೆ ಅವನಿಗೂ ಇದೆ ಅಲ್ವಾ? ಕಾಯಿಲೆಯವರಿಗೆ ಒಳ್ಳೆಯದಾಗಲಿ ಅಂತ ಮಾಡುವುದಕ್ಕೂ ಮೊದಲು ಅವರನ್ನು ಒಂದು ಮಾತು ಕೇಳಬೇಕು ಅನ್ನುವವರಿದ್ದಾರೆ. ಇದು ನನಗೆ ತುಂಬಾ ಹಿಡಿಸಿತು. ಒಳ್ಳೆಯದಾಗಲಿ ಅಂತ ನಿನ್ನನ್ನು ಕೇಳದೆ ನಾನು ಎಷ್ಟು ಮಾಡಿದ್ದೇನೆ!

ಮಾಡಿದ್ದು ಮೂರು ಪಟ್ಟಾಗಿ ತಿರುಗಿ ಬರುತ್ತದೆ ಅನ್ನುವ ಮಾತೂ ಅವರಲ್ಲಿದೆ. ಮಾಡಿದ್ದುಣ್ಣೋ ಮಹಾರಾಯ ಅಂತ ನಿನ್ನಜ್ಜಿ ಹೇಳುತ್ತಿದ್ದಳಲ್ಲ, ಹೆಚ್ಚುಕಡಿಮೆ ಅದೇ. ಮೂರು ಅನ್ನುವ ಲೆಕ್ಕವನ್ನು ಎಲ್ಲರೂ ನಂಬುವುದಿಲ್ಲ. ತಿರುಗಿ ಬರುತ್ತದೆ ಅಂತ ಹೆದರಿ ಒಳ್ಳೆಯವರಾಗುವುದಕ್ಕಿಂತ ಆ ಎಂಟು ಪದವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಈಗ ನಿದ್ದೆ ಹತ್ತದ ಕಾರಣ. ನಿನಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬಳೇ ಒಂದು ಅಜ್ಜಿ ಇದ್ದಳು. ಕೆಮ್ಮಿಗೆ ಆಡುಸೋಗೆ ಕಷಾಯ ಕುದಿಸುತ್ತಿದ್ದಳು, ಮಕ್ಕಳ ಹೊಟ್ಟೆನೋವಿಗೆ ಓಮ ಅರೆದು ಕೊಡುತ್ತಿದ್ದಳು. ಯಾರದೋ ಮನೆಯಲ್ಲಿ ಮಗು ಸತ್ತಿತು. ಅಲ್ಲಿಂದ ಅವಳು ಮದ್ದು ಹಾಕುತ್ತಾಳೆ ಅಂತ ಸುದ್ದಿಯಾಯಿತು. ಅವಳ ಕೈಯಿಂದ ಏನೂ ತಿನ್ನಬೇಡಿ ಅಂತ ಮನೆಮನೆಯಲ್ಲೂ ಹೇಳಿದರು. ನನಗೆ ಒಂಬತ್ತು ವರ್ಷ. ಸಂಕ್ರಾಂತಿ ದಿನ ಹೊಸ ಲಂಗ ಹಾಕಿಕೊಂಡು ಎಳ್ಳು ಬೀರಲು ಹೊರಟಿದ್ದೆ. ಅವಳ ಮನೆ ಬಿಟ್ಟು ಮುಂದೆ ಹೋದೆ. ಅವಳೇ ಬಾಗಿಲಿಗೆ ಬಂದು ಕರೆದಳು. ನನ್ನ ಅಂಗೈಯಲ್ಲಿ ಒಂದು ಸಕ್ಕರೆ ಅಚ್ಚು ಇಟ್ಟಳು. ಗಿಳಿ ಅಚ್ಚು. ಒಂದು ಕಡೆ ರೆಕ್ಕೆ ಸ್ವಲ್ಪ ಮುರಿದಿತ್ತು. ನಾಲ್ಕು ಹೆಜ್ಜೆ ಹೋಗಿ ಅದನ್ನು ಚರಂಡಿಗೆ ಎಸೆದು ಲಂಗಕ್ಕೆ ಕೈ ಒರೆಸಿಕೊಂಡೆ. ತಿರುಗಿ ನೋಡಿದರೆ ಅವಳು ಬಾಗಿಲಲ್ಲೇ ನಿಂತಿದ್ದಳು. ಏನೂ ಅನ್ನಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಯಾರಿಗೂ ಹೊಡೆದಿಲ್ಲ, ಬೈದಿಲ್ಲ. ದೊಡ್ಡವರು ಹೇಳಿದ ಹಾಗೆ ಮಾಡಿದೆ. ಜೆನೆಟ್ ಕೂಡ ಅಷ್ಟೇ ಮಾಡಿದ್ದು. ನಮ್ಮ ರಾಜ್ಯದಲ್ಲೂ 2017ರಲ್ಲಿ ಮಾಟ, ಬಾಣಾಮತಿಯಂಥ ಅನಿಷ್ಟಗಳ ವಿರುದ್ಧ ಕಾಯ್ದೆ ಮಾಡಿದ್ದಾರೆ. ಒಳ್ಳೆಯದೇ. ಆದರೆ ಒಂಬತ್ತು ವರ್ಷದ ಹುಡುಗಿ ಲಂಗಕ್ಕೆ ಕೈ ಒರೆಸಿಕೊಳ್ಳುವುದನ್ನು ಕಾಯ್ದೆ ಹೇಗೆ ತಡೆಯುತ್ತದೆ? ಆ ಸಾಲನ್ನು ನನಗೆ ಯಾರಾದರೂ ಆಗ ಹೇಳಿದ್ದರೆ ಅಂತ ಈಗ ಅನ್ನಿಸುತ್ತದೆ.

ಹೋಗಿ ಬಾ, ಪುಟ್ಟಿ. ಹೋಗುವ ಮುಂಚೆ ನಾಲ್ಕು ಮಾತು ಕೇಳಿಕೋ, ತಾಯಿ ಅಂದಮೇಲೆ ಹೇಳಲೇಬೇಕು. ಪೂಜೆಗೆ ನೆಲದ ಮೇಲೆ ವೃತ್ತ ಹಾಕುತ್ತಾರೆ. ಶುರುವಾದ ಮೇಲೆ ಹೇಳದೆ ಕೇಳದೆ ಎದ್ದು ಬರಬೇಡ. ಕಪ್ಪು ಹಿಡಿಯ ಚಾಕು ಇಟ್ಟಿರುತ್ತಾರೆ, ಅಥಾಮೆ ಅಂತ ಅದರ ಹೆಸರು. ಅದು ಪೂಜೆಗೆ ಮಾತ್ರ. ಸುಮ್ನೆ ಕುತೂಹಲಕ್ಕೆ ಮುಟ್ಟಬೇಡ. ಕೆಲವು ಹಳೇ ಗುಂಪುಗಳಲ್ಲಿ ಬಟ್ಟೆ ಇಲ್ಲದೆ ಪೂಜೆ ಮಾಡುವ ಪದ್ಧತಿ ಇದೆ. ನಿನ್ನ ಗೆಳತಿಯನ್ನು ಮೊದಲೇ ನೇರವಾಗಿ ಕೇಳು. ನಿನಗೆ ಬೇಡ ಅನ್ನಿಸಿದ್ದು ಬೇಡ. ದೀಕ್ಷೆ ಕೊಡುತ್ತೇವೆ, ದುಡ್ಡು ಕೊಡು ಅಂತ ಯಾರಾದರೂ ಅಂದರೆ ವಾಪಸ್ ಬಂದುಬಿಡು. ಗಾರ್ಡ್ನರ್ ದಾರಿಯವರು ದೀಕ್ಷೆಗೆ ದುಡ್ಡು ಮುಟ್ಟುವುದಿಲ್ಲ.

ಹಬ್ಬದ ಹೆಸರನ್ನು ಸಾವಿನ್ ಅಂತ ಹೇಳಬೇಕಂತೆ. ಐರಿಷ್ ಪದ, ನಮ್ಮ ಸಾವಿಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ಅದು ಸತ್ತವರನ್ನು ನೆನೆಯುವ ರಾತ್ರಿಯೇ. ಊಟದ ಮೇಜಿನಲ್ಲಿ ತೀರಿಕೊಂಡವರಿಗೆ ಅಂತ ಒಂದು ತಟ್ಟೆ ಇಡುವವರು ಬಹಳ. ಮಹಾಲಯ ಅಮಾವಾಸ್ಯೆಗೆ ನಾವು ಎಡೆ ಇಡುತ್ತೇವಲ್ಲ, ಹಾಗೆ.

ಅಟ್ಟದಿಂದ ಸಂಕ್ರಾಂತಿಯ ಮರದ ಅಚ್ಚುಗಳನ್ನು ಇಳಿಸಿ ನಿನ್ನೆ ಸಕ್ಕರೆ ಪಾಕ ಕಾಯಿಸಿದೆ. ಅಕ್ಟೋಬರ್‌ನಲ್ಲಿ ಇದೇನು ಅಂತ ನಿಮ್ಮಪ್ಪ ಕೇಳಿದರು. ಪಾರ್ಸೆಲ್ಲಿನಲ್ಲಿ ಹತ್ತಿ ಸುತ್ತಿ ಎರಡು ಗಿಳಿ ಇಟ್ಟಿದ್ದೇನೆ, ಹುಷಾರಾಗಿ ಬಿಚ್ಚು. ಒಂದು ನಿನ್ನ ಗೆಳತಿಗೆ. ಇನ್ನೊಂದನ್ನು, ಅವಳನ್ನು ಕೇಳಿ, ಆ ತಟ್ಟೆಯಲ್ಲಿ ಇಡು. ಹೆಸರು ಹೇಳಬೇಕು ಅಂದರೆ ನನಗೆ ಗೊತ್ತಿಲ್ಲ. ಯಾರೂ ಅವಳನ್ನು ಹೆಸರಿಟ್ಟು ಕರೆಯುತ್ತಿರಲಿಲ್ಲ. ಮೂಲೆಮನೆ ಅಜ್ಜಿ ಅಂತ ಹೇಳು.

ನಿನ್ನ
ಅಮ್ಮ